ನಮ್ಮನಿ ನರ್ಸಮ್ಮನ ಪಗಾರ ಎಷ್ಟು?

ಕಳೆದ ಗಣೇಶನ ಹಬ್ಬಕ್ಕೆ ಬಮ್ಮಿಗಟ್ಟಿಗೆ ಹೋದಾಗ ಕಾಕಾ ಪಡಸಾಲೆಯಲ್ಲಿ ಕೂಡಿಸಿಕೊಂಡು ಕೇಳಿದರು: "ಮೂರೂವರೆ ಲಕ್ಷ ಕೊಟ್ರ ಏಜೆಂಟ್ ನಮ್ ಹುಡುಗೀನ್ನ ಗಲ್ಫ್‌ಗೆ ಕಳಸ್ತಾನಂತ. ಹೊಲ ಒತ್ತಿ ಹಾಕೂದೋ ಬ್ಯಾಡೋ, ನೀ ಹೇಳಪಾ."

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮೂರಲ್ಲಿ ಅದರರ್ಥ, ಎಲ್ಲಾ ಗೊತ್ತಿರಾಂವ ಅಂತ. ನರ್ಸಿಂಗ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಹಾಗಾಗಿ ತಂಗಿಯನ್ನೇ ಕೇಳಿದೆ. ನಾಲ್ಕು ವರ್ಷ ಬಿ.ಎಸ್ಸಿ ನರ್ಸಿಂಗ್, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ, ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಮೂರು ವರ್ಷ ಕೆಲಸ. ಪಗಾರ ಎಷ್ಟು ಅಂದಾಗ ಮಾತಾಡದೆ ಬ್ಯಾಂಕ್ ಮೆಸೇಜ್ ತೋರಿಸಿದಳು. 14,200.

ನಾನೂ ಓದಿದ್ದು ನಾಲ್ಕೇ ವರ್ಷ, ಅದೂ ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡು. ಎಂಟು ವರ್ಷದ ಹಿಂದೆ ನನ್ನ ಮೊದಲ ಸಂಬಳವೇ 26,000 ಇತ್ತು. ಐಸಿಯುನಲ್ಲಿ ಒಂದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕು ಅನ್ನೋದು ನಿಯಮ. ಇವಳು ನೈಟ್ ಶಿಫ್ಟ್‌ನಲ್ಲಿ ನಾಲ್ಕು ಹಾಸಿಗೆ ನೋಡ್ತಾಳೆ. ಹೆಚ್ಚು ಕೇಳಿದ್ದಕ್ಕೆ "ಹತ್ತು ಮಂದಿ ಕಾಯಾಕತ್ತಾರ, ಬಿಟ್ಟು ಹೋಗ್ರಿ" ಅಂದರಂತೆ. ಹೋಗೋದಾದ್ರೂ ಹೇಗೆ? ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಬೀರುವಿನಲ್ಲಿ! ಎರಡು ವರ್ಷದ ಬಾಂಡ್ ಮುಗಿದರೂ ಕೊಟ್ಟಿರಲಿಲ್ಲ. ಈ ಬಾಂಡ್ ಪದ್ಧತಿಯನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ ಒಪ್ಪೋದಿಲ್ಲ ಅನ್ನೋದನ್ನ ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ.

ಆ ರಾತ್ರಿ ಕೂತು ಹುಡುಕಿದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ನರ್ಸ್‌ಗಳ ಸಂಬಳ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತ್ತು. ಸಮಿತಿ ಹೇಳಿದ್ದು ಇಷ್ಟು: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ನಷ್ಟೇ ಸಂಬಳ. 100ರ ಮೇಲಿದ್ದರೆ ಅದಕ್ಕಿಂತ ಶೇ 10ಕ್ಕಿಂತ ಕಡಿಮೆ ಇರಬಾರದು, 50ರಿಂದ 100ರೊಳಗಿದ್ದರೆ ಶೇ 25ಕ್ಕಿಂತ. 50ಕ್ಕಿಂತ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ 20,000 ಕೊಡಲೇಬೇಕು. ತಂಗಿಯ ಆಸ್ಪತ್ರೆಯಲ್ಲಿ ಸುಮಾರು ಎಂಬತ್ತು ಹಾಸಿಗೆ. ಆದರೆ ಆರೋಗ್ಯ ರಾಜ್ಯದ ವಿಷಯ, ಕೇಂದ್ರ ಈ ಶಿಫಾರಸನ್ನು ರಾಜ್ಯಗಳಿಗೆ ಕಳಿಸಿತು, ಅವಳ ಪಗಾರದ ತನಕ ಅದು ಬಂದು ಮುಟ್ಟಲಿಲ್ಲ.

ಅದೇ ಡಿಗ್ರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಾಯಂ ನರ್ಸಿಂಗ್ ಆಫೀಸರ್ ಆದರೆ ಮೂಲವೇತನವೇ 44,900, ಭತ್ಯೆ ಬೇರೆ. ಏಮ್ಸ್‌ಗಳಲ್ಲೂ ಅಷ್ಟೇ. ಅಲ್ಲಿಗೆ ನಾರ್ಸೆಟ್ ಅನ್ನೋ ಒಂದೇ ಪರೀಕ್ಷೆ. ಜಿಎನ್‌ಎಂ ಮಾಡಿದವರೂ ಬರೆಯಬಹುದು, ಆದರೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಮೊದಲ ಕೆಲಸ ಹಿಡಿಯುವಾಗ ಪಗಾರದ ಜೊತೆ ಹಾಸಿಗೆ ಎಷ್ಟು ಅಂತಲೂ ಕೇಳ್ಕೊಳ್ಳಿ.

ಇನ್ನು ಏಜೆಂಟನ ಮೂರೂವರೆ ಲಕ್ಷ. ವಿದೇಶಕ್ಕೆ ಕಳಿಸುವ ಏಜೆಂಟ್ ಕಾನೂನುಬದ್ಧವಾಗಿ ತಗೋಬಹುದಾದ ಶುಲ್ಕ 30,000 ಮತ್ತು ಜಿಎಸ್‌ಟಿ, ಅಷ್ಟೇ. ಅವನ ಲೈಸೆನ್ಸ್ ನಂಬರ್ ಇ-ಮೈಗ್ರೇಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ವಲಸೆ ಅನುಮತಿ ಕಡ್ಡಾಯ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸ್ತೀವಿ ಅಂದರೆ ಅಲ್ಲೇ ಎದ್ದು ಬನ್ನಿ. ಬ್ರಿಟನ್‌ನ ನೇಮಕಾತಿ ಸಂಹಿತೆಯಂತೂ ನರ್ಸ್ ಕಡೆಯಿಂದ ಏಜೆಂಟ್ ಶುಲ್ಕ ಪಡೆಯಲೇಬಾರದು ಅನ್ನುತ್ತೆ. ಜರ್ಮನಿಗೆ ದುಡ್ಡಿಗಿಂತ ಭಾಷೆ ಮುಖ್ಯ, ಬಿ-2 ಹಂತದ ಜರ್ಮನ್ ಕಲಿಯಬೇಕು.

ಬೆಳಿಗ್ಗೆ ಇದನ್ನೆಲ್ಲ ಕಾಕಾಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಂಗಂದ್ರ ಹೊಲ ಇರಲಿ ಬಿಡು" ಅಂದರು. ತಂಗಿ ಮಾತ್ರ ಸಿಟ್ಟಾಗಿದ್ದಳು. "ಲೆಕ್ಕ ಎಲ್ಲಾ ಬರೋಬ್ಬರಿ ಹೇಳ್ದಿ ಅಣ್ಣಾ. ಓದಾಕ ಟೈಮ್ ಯಾರ್ ಕೊಡ್ತಾರ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಿಖಿತ ಅರ್ಜಿ ಕೊಟ್ಟು, ಎರಡು ಸಲ ನಾನೂ ಜೊತೆಗೆ ಹೋಗಿ ಮಾರ್ಕ್ಸ್‌ಕಾರ್ಡ್ ಬಿಡಿಸಿಕೊಂಡೆವು. ಆರು ತಿಂಗಳು ಕೆಲಸ ಬಿಟ್ಟು ಓದು ಅಂದೆ, ಅಷ್ಟೂ ತಿಂಗಳು ಅವಳ 14,200 ನಾನು ಕಳಿಸ್ತೀನಿ ಅಂತ ಒಪ್ಪಿಸಿದೆ. ಈಗ ಎರಡನೇ ತಿಂಗಳು.

ಏಜೆಂಟ್ ಇನ್ನೂ ಫೋನ್ ಮಾಡ್ತಾನೆ. ಕಾಕಾ ಲೈಸೆನ್ಸ್ ನಂಬರ್ ಕೇಳ್ತಾರೆ.