ನಲವತ್ತೈದಕ್ಕೇ ಮುಪ್ಪೆ?

ಮೈಸೂರು ನಿವೃತ್ತರ ಸ್ವರ್ಗವೆಂಬ ಮಾತು ಹಳೆಯದು. ಪಿಂಚಣಿ ಪಡೆದವರು ಸರಸ್ವತೀಪುರದಲ್ಲಿಯೋ ಒಂಟಿಕೊಪ್ಪಲಿನಲ್ಲಿಯೋ ಮನೆಮಾಡಿ, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಡ್ಡಾಡುವುದು ಈ ಊರಿನ ಪರಿಚಿತ ದೃಶ್ಯ. ಈಗ ಅವರ ನಡುವೆ, ತಲೆಯಿನ್ನೂ ಪೂರ್ತಿ ನರೆಯದ ಕೆಲವರು ಕೆಲಸದ ದಿನಗಳಲ್ಲಿಯೂ ಕಾಣಸಿಗುತ್ತಾರೆ. ಇವರು ಪಿಂಚಣಿದಾರರಲ್ಲ, ಸಾಫ್ಟ್‌ವೇರ್ ಉದ್ಯಮದಲ್ಲಿ ಇಪ್ಪತ್ತು ವರ್ಷ ದುಡಿದು, ನಲವತ್ತೈದರ ಆಸುಪಾಸಿನಲ್ಲಿ ಮತ್ತೆ ಕೆಲಸವನ್ನರಸುತ್ತಿರುವವರು.

ಉದ್ಯೋಗದ ಜಾಹೀರಾತುಗಳನ್ನು ಓದಿ ನೋಡಿರಿ. ವಯಸ್ಸಿನ ಪ್ರಸ್ತಾಪವೇ ಇರುವುದಿಲ್ಲ. ‘ಮೂರರಿಂದ ಎಂಟು ವರ್ಷಗಳ ಅನುಭವವುಳ್ಳವರು ಬೇಕು’ ಎಂದಿರುತ್ತದೆ. ಇಪ್ಪತ್ತೆರಡಕ್ಕೆ ಬಿ.ಇ. ಮುಗಿಸಿದವನ ವಯಸ್ಸಿಗೆ ಎಂಟನ್ನು ಕೂಡಿದರೆ ಮೂವತ್ತು! ಅನುಭವಕ್ಕೆ ಕೆಳಮಿತಿಯನ್ನು ಹಾಕುವುದು ಸಹಜ, ಮೇಲ್ಮಿತಿಯೇಕೆ?

ಕಾರಣ ಲೆಕ್ಕದ ಪುಸ್ತಕದಲ್ಲಿದೆ. ನಮ್ಮ ಕಂಪನಿಗಳು ಬಹುಮಟ್ಟಿಗೆ ವಿದೇಶದ ಗಿರಾಕಿಗಳಿಂದ ಆಳಿಗಿಷ್ಟು, ಗಂಟೆಗಿಷ್ಟು ಎಂದು ಹಣ ಪಡೆದು ಬೆಳೆದಂಥವು. ಕಡಿಮೆ ಸಂಬಳದ ತರುಣರು ಬುಡದಲ್ಲಿ ಬಹಳ, ತುದಿಯಲ್ಲಿ ಹಿರಿಯರು ಕೆಲವರೇ: ಈ ಗೋಪುರ ಕೆಟ್ಟರೆ ಲಾಭ ಕುಗ್ಗುತ್ತದೆ. ಹೆಬ್ಬಾಳದ ಇನ್ಫೋಸಿಸ್ ತರಬೇತಿ ಕೇಂದ್ರಕ್ಕೆ ಸಾವಿರಗಟ್ಟಲೆ ಹೊಸ ಪದವೀಧರರು ಬಂದುಹೋಗುವುದನ್ನು ಊರೆಲ್ಲ ಬಲ್ಲದು. ದೊಡ್ಡ ಕಂಪನಿಗಳಲ್ಲಿ ಇಂತಹ ಹೊಸಬರ ಆರಂಭದ ಸಂಬಳ ದಶಕಕ್ಕೂ ಮಿಕ್ಕಿ ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಲೇ ತಿರುಗಿದೆ. ಹಿರಿಯನೊಬ್ಬನ ಸಂಬಳದಲ್ಲಿ ಅಂಥವರು ಎಷ್ಟು ಮಂದಿ ಸಿಗಬಹುದೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ೨೦೨೫ರ ಜುಲೈನಲ್ಲಿ ಟಿ.ಸಿ.ಎಸ್. ಸುಮಾರು ೧೨,೦೦೦ ನೌಕರರನ್ನು ಕೈಬಿಡುವುದಾಗಿ ಸಾರಿದಾಗ, ಏಟು ಬಿದ್ದುದು ಮುಖ್ಯವಾಗಿ ಮಧ್ಯಮ ಹಾಗೂ ಹಿರಿಯ ದರ್ಜೆಯವರಿಗೆ.

ಅಮೆರಿಕದಲ್ಲಿ ನಲವತ್ತು ತುಂಬಿದವರನ್ನು ವಯಸ್ಸಿನ ನೆಪದಿಂದ ತಳ್ಳುವುದನ್ನು ತಡೆಯುವ ಕಾನೂನು ೧೯೬೭ರಲ್ಲಿಯೇ ಬಂದಿತು. ನಮ್ಮ ಸಂವಿಧಾನದ ೧೬ನೆಯ ವಿಧಿ ಉದ್ಯೋಗದಲ್ಲಿ ಜಾತಿ, ಧರ್ಮ, ಲಿಂಗಗಳ ಭೇದವನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಇದ್ದಿದ್ದರೂ ಆ ವಿಧಿ ಸರಕಾರಿ ಉದ್ಯೋಗಕ್ಕಷ್ಟೇ ಸಲ್ಲುವಂಥದು.

ಮನೆಯ ಸಾಲದ ಕಂತು ಮುಗಿದಿಲ್ಲ, ಮಗಳು ಪಿ.ಯು.ಸಿ.ಯಲ್ಲಿದ್ದಾಳೆ, ತಾಯಿಯ ಔಷಧಿಯ ಖರ್ಚು ಬೇರೆ. ಖರ್ಚು ಏರುವ ವಯಸ್ಸಿನಲ್ಲಿಯೇ ವರಮಾನ ನಿಲ್ಲುತ್ತದೆ. ಆಗ ಗೃಹಸ್ಥನು ಮಾಡುವುದೇನು? ತಲೆಗೆ ಬಣ್ಣ ಹಚ್ಚಿ, ಅರ್ಜಿಯಿಂದ ಪದವಿಯ ವರ್ಷವನ್ನು ತೆಗೆದು, ಮೊದಲ ಹತ್ತು ವರ್ಷಗಳ ಸೇವೆಯನ್ನು ಮುಚ್ಚಿಡುತ್ತಾನೆ. ಇಲ್ಲದ ಅನುಭವವನ್ನು ಇದೆಯೆನ್ನುವವರನ್ನು ಕಂಡಿದ್ದೇವೆ. ಇರುವುದನ್ನು ಇಲ್ಲವೆನ್ನಬೇಕಾದ ವಿಪರ್ಯಾಸ ಹೊಸದು.

ಹಿರಿಯರೆಲ್ಲ ಹೊಸ ವಿದ್ಯೆಯನ್ನು ಕಲಿತಿದ್ದಾರೆಂದು ನಾನು ವಾದಿಸುವುದಿಲ್ಲ. ಆದರೆ ಹಳೆಯ ವಿದ್ಯೆಯೂ ಅಷ್ಟು ಬೇಗ ಸಾಯುವಂಥದಲ್ಲ. ೨೦೨೦ರಲ್ಲಿ, ಕೋವಿಡ್ ಕಾಲದಲ್ಲಿ, ನಿರುದ್ಯೋಗ ಭತ್ಯದ ಅರ್ಜಿಗಳು ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರರು ೧೯೫೯ರಲ್ಲಿ ಹುಟ್ಟಿದ ಕೋಬಾಲ್ ಭಾಷೆಯನ್ನು ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕರೆಯಿತ್ತರು. ಕಂಪನಿಗಳು ನಲವತ್ತೈದರವನನ್ನೂ ಇಪ್ಪತ್ತೈದರವನನ್ನೂ ಒಂದೇ ಪರೀಕ್ಷೆಗೆ ಕೂರಿಸಲಿ, ತಪ್ಪಿದರೆ ಬೇಡವೆನ್ನಲಿ. ಅರ್ಜಿಯನ್ನು ತೆರೆಯದೆಯೇ ಬೇಡವೆನ್ನುವ ಆ ‘ಎಂಟು ವರ್ಷ’ದ ಗೆರೆಯನ್ನು ಜಾಹೀರಾತಿನಿಂದ ಅಳಿಸಲು ಸರಕಾರಕ್ಕೆ ಒಂದು ನಿಯಮ ಸಾಕು.