ಪಾಶ್ಚಾತ್ಯರ ದೃಷ್ಟಿಯಲ್ಲಿ ನಮ್ಮ ನಾಡಿನ ಯುದ್ಧರೀತಿ

ಚಚಡಿ, ಮುನವಳ್ಳಿ, ಬೈಲಹೊಂಗಲ, ಸಂಗೊಳ್ಳಿ ಇವೆಲ್ಲ ಮಲಪ್ರಭೆಯ ಸೀಮೆಗೆ ಸೇರಿದ ಊರುಗಳು. 1800ರಿಂದ 1831ರ ವರೆಗೆ ಈ ಸೀಮೆ ಹಲವು ಕದನಗಳನ್ನು ಕಂಡಿತು. ಅವುಗಳ ಲಿಖಿತ ವೃತ್ತಾಂತವನ್ನು ಬಹುಮಟ್ಟಿಗೆ ಉಳಿಸಿದವರು ಕಂಪನಿಯ ಅಧಿಕಾರಿಗಳು. ಆದ್ದರಿಂದ ನಮ್ಮವರು ಹೇಗೆ ಹೋರಾಡಿದರೆಂಬುದರೊಡನೆ, ಬರೆದವರು ಆ ಹೋರಾಟವನ್ನು ಹೇಗೆ ಕಂಡರೆಂಬುದನ್ನೂ ಅರಿಯುವುದು ಅವಶ್ಯ.

ಪೂರ್ವದೇಶಗಳ ಯುದ್ಧರೀತಿ ತಮ್ಮದಕ್ಕಿಂತ ಕೀಳೆಂಬ ಭಾವನೆ ಯುರೋಪಿನಲ್ಲಿ ಬಹು ಹಳೆಯದು. ಎದುರೆದುರು ನಿಂತು ಈಟಿ ಹಿಡಿದು ಕಾದುವ ತಮ್ಮ ಯೋಧರನ್ನು ಗ್ರೀಕರು ದೂರದಿಂದ ಬಾಣ ಬಿಡುವ ಪರ್ಷಿಯನ್ನರೊಡನೆ ಹೋಲಿಸಿ ಹೆಮ್ಮೆಪಟ್ಟರು. ಹದಿನೆಂಟನೆಯ ಶತಮಾನದಲ್ಲಿ ಸಾಲುಗಟ್ಟಿ ನಿಂತು ಆಜ್ಞೆಯಂತೆ ಬಂದೂಕು ಹಾರಿಸುವ ಕವಾಯತಿನ ದಂಡೇ ನಿಜವಾದ ಸೈನ್ಯವೆನಿಸಿತು. ಹಠಾತ್ತನೆ ಎರಗಿ ಮರೆಯಾಗುವುದು, ಶತ್ರುವಿನ ದವಸಧಾನ್ಯ ತಡೆಯುವುದು ಮುಂತಾದ ತಂತ್ರಗಳು ಆ ಅಳತೆಗೋಲಿನಲ್ಲಿ ಹೇಡಿತನವಾಗಿಯೋ ಮೋಸವಾಗಿಯೋ ತೋರಿದವು. ಆದರೂ ಪ್ರಯೋಜನ ಕಂಡಲ್ಲಿ ಅವರು ಕಲಿಯದೆ ಬಿಡಲಿಲ್ಲ. 1780ರಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿಯ ದಂಡನ್ನು ಕಂಗೆಡಿಸಿದ ಮೈಸೂರಿನ ರಾಕೆಟ್ಟುಗಳು 1799ರ ತರುವಾಯ ಇಂಗ್ಲೆಂಡಿಗೆ ಹೋದವು. ಅಲ್ಲಿ ಕಾಂಗ್ರೀವನ ರಾಕೆಟ್ಟುಗಳಿಗೆ ಪ್ರೇರಣೆಯಾದವು.

ಈ ಇಬ್ಬಗೆಯ ದೃಷ್ಟಿಗೆ ಆರ್ಥರ್ ವೆಲ್ಲೆಸ್ಲಿಯ ಜೀವನವೇ ನಿದರ್ಶನ. ಶ್ರೀರಂಗಪಟ್ಟಣದ ಪತನದ ನಂತರ ಸೆರೆಯಿಂದ ಬಿಡುಗಡೆಗೊಂಡ ಧೋಂಡಿಯ ವಾಘನು ಕುದುರೆಪಡೆ ಕಟ್ಟಿ ಈ ಪ್ರದೇಶದಲ್ಲೆಲ್ಲ ಸಂಚರಿಸತೊಡಗಿದನು. ಸಿಕ್ಕಲ್ಲಿ ಅವನನ್ನು ಗಿಡಕ್ಕೆ ನೇತುಹಾಕಬೇಕೆಂದು ವೆಲ್ಲೆಸ್ಲಿಗೆ ಆದೇಶವಿತ್ತು. 1800ರ ಜುಲೈ 30ರಂದು ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಅವನ ಪಾಳೆಯದ ಮೇಲೆ ದಾಳಿ ನಡೆಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ಹತನಾದನು. ಈ ಬೆನ್ನಟ್ಟುವಿಕೆಯಲ್ಲಿ ವೆಲ್ಲೆಸ್ಲಿಗೆ ನೆರವಾದದ್ದು ಮೈಸೂರಿನ ಅಮೃತಮಹಲ್ ಎತ್ತುಗಳ ವೇಗ. ಅಂದರೆ ಚಲನಶೀಲ ಯುದ್ಧವನ್ನು ಗೆಲ್ಲಲು ಅವನೂ ಈ ನಾಡಿನ ಸಾಧನವನ್ನೇ ಹಿಡಿದನು.

ಎಂಟು ವರ್ಷಗಳ ತರುವಾಯ ಅದೇ ವೆಲ್ಲೆಸ್ಲಿ ನೆಪೋಲಿಯನ್ನನ ಸೇನೆಯ ವಿರುದ್ಧ ಐಬೀರಿಯ ಪರ್ಯಾಯದ್ವೀಪಕ್ಕೆ ಹೋದನು. ಅಲ್ಲಿನ ಸ್ಪೇನಿನ ಜನ ಗುಡ್ಡಗಾಡುಗಳಲ್ಲಿ ಅಡಗಿ ಫ್ರೆಂಚರ ಟಪಾಲು, ಸಾಮಗ್ರಿಗಳ ಮೇಲೆ ಎರಗುತ್ತಿದ್ದರು. ಇಂಗ್ಲಿಷರು ಅವರನ್ನು ಮಿತ್ರರೆಂದು ಆದರಿಸಿದರು. ಚಿಕ್ಕ ಯುದ್ಧವೆಂಬ ಅರ್ಥದ ‘ಗೆರಿಲ್ಲಾ’ ಎಂಬ ಸ್ಪ್ಯಾನಿಷ್ ಪದ ಇಂಗ್ಲಿಷಿಗೆ ಬಂದುದು ಆಗಲೇ. ಧೋಂಡಿಯನ ಸವಾರರು ಹಳ್ಳಿಗಳನ್ನು ಸುಲಿದದ್ದು ಸುಳ್ಳಲ್ಲ. ಸ್ಪೇನಿನ ತಂಡಗಳಲ್ಲಿಯೂ ಸುಲಿಗೆಕೋರರಿದ್ದರು. ಆದರೆ ಅಲ್ಲಿ ದೇಶಭಕ್ತಿ ಮೊದಲು ಕಂಡಿತು, ಇಲ್ಲಿ ಸುಲಿಗೆಯೊಂದೇ ಕಂಡಿತು.

ಕಿತ್ತೂರಿನವರು ಎದುರುಬದುರು ನಿಂತು ಕಾದಲಾರದವರಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆಯೇ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದನು. ಸೆರೆಸಿಕ್ಕ ಸ್ಟೀವನ್ಸನ್ ಹಾಗೂ ಎಲಿಯಟ್ ಎಂಬ ಅಧಿಕಾರಿಗಳು ಡಿಸೆಂಬರಿನಲ್ಲಿ ಜೀವಸಹಿತ ಬಿಡುಗಡೆ ಹೊಂದಿದರು. ಇದೇ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿ ಹೆಸರಾದನು. ದೊಡ್ಡ ದಂಡಿನ ಮುಂದೆ ಕೋಟೆ ಉಳಿಯದೆಂಬುದು ಡಿಸೆಂಬರ್ 5ರಂದು ಸ್ಪಷ್ಟವಾಯಿತು.

ಆ ಅನುಭವದ ಮೇಲೆ 1829ರಲ್ಲಿ ಸಂಗೊಳ್ಳಿ ರಾಯಣ್ಣ ಬೇರೆ ಮಾರ್ಗ ಹಿಡಿದನು. ಸಣ್ಣ ತಂಡಗಳು, ಕಾಡಿನ ಆಶ್ರಯ, ಹಳ್ಳಿಗರ ಅನ್ನ, ಸರ್ಕಾರಿ ಕಚೇರಿಗಳ ಮೇಲೆ ದಾಳಿ ಅವನ ಬಲವಾಗಿದ್ದವು. ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸುವುದು ಅವನ ಉದ್ದೇಶವಾಗಿತ್ತು. ಯುದ್ಧರೀತಿ ಸ್ಪೇನಿನದೇ ಆದರೂ ಆಳುವವರ ದೃಷ್ಟಿಯಲ್ಲಿ ಅದು ದಂಗೆ, ಸುಲಿಗೆ ಎನಿಸಿತು. ಹೆಸರಿನಂತೆಯೇ ಶಿಕ್ಷೆ. 1830ರಲ್ಲಿ ಸೆರೆಸಿಕ್ಕ ರಾಯಣ್ಣನಿಗೆ ಯುದ್ಧಕೈದಿಯ ಮರ್ಯಾದೆ ದೊರೆಯಲಿಲ್ಲ; 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ದರೋಡೆಕೋರನೆಂದು ಬರೆದರೆ ನೇಣು, ಸೈನಿಕನೆಂದು ಬರೆದರೆ ಸಂಧಾನ. ಒಂದು ಶಬ್ದಕ್ಕೆ ಅಷ್ಟು ಭಾರವಿತ್ತು. ಇತಿಹಾಸದ ಪಾಠ ಹೇಳುವಾಗ ಆ ಶಬ್ದವನ್ನು ಬರೆದವರು ಯಾರೆಂದು ವಿದ್ಯಾರ್ಥಿಗಳಿಗೆ ತಿಳಿಸುವುದೂ ಪಾಠದ ಒಂದು ಭಾಗವೇ ಸರಿ.