ಎರಡು ದಂಡೆ, ಒಂದು ಹೊಳೆ

ಧಾರವಾಡದ ಸಪ್ತಾಪುರ ಬಾವಿಯ ಸುತ್ತಮುತ್ತ ಕೋಚಿಂಗ್ ಕ್ಲಾಸಿಗೆಂದು ರೂಮು ಹಿಡಿದ ಹುಡುಗ ಹುಡುಗಿಯರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರೂ ಇದ್ದಾರೆ. ಪರೀಕ್ಷೆಗೆ ಅವರು ಬಾಯಿಪಾಠ ಮಾಡುವ ಅಂಕಿಗಳಲ್ಲಿ ತಮ್ಮೂರ ಹೊಳೆಯದೂ ಇರುತ್ತದೆ. ತುಂಗಭದ್ರೆಯ ಒಟ್ಟು ಉದ್ದ 531 ಕಿ.ಮೀ.; ಅದರಲ್ಲಿ 382 ಕಿ.ಮೀ. ಕರ್ನಾಟಕದೊಳಗೆ, ಮುಂದಿನ 58 ಕಿ.ಮೀ. ರಾಜ್ಯದ ಗಡಿ. ಆ ದೂರದುದ್ದಕ್ಕೂ ಎಡದಂಡೆ ರಾಯಚೂರು ಜಿಲ್ಲೆಯದು, ಬಲದಂಡೆ ಆಂಧ್ರದ್ದು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೊರಟ ಭಕ್ತರು ಸೇತುವೆ ದಾಟಿದರೆ ರಾಜ್ಯವನ್ನೇ ದಾಟಿರುತ್ತಾರೆ.

ಹೊಳೆ ನಿಜಕ್ಕೂ ನೆಲವನ್ನು ಎರಡು ಮಾಡುತ್ತದೆಯೇ? ಉತ್ತರ ಹುಡುಕಲು ಧಾರವಾಡ ಬಿಟ್ಟು ಹೋಗಬೇಕಿಲ್ಲ. ಈ ಊರು ನಿಂತಿರುವುದು ಜಲವಿಭಜಕ ದಿಬ್ಬದ ಮೇಲೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯ ಜೊತೆ ಬೇಡ್ತಿಗೆ ಇಳಿದು, ಮುಂದೆ ಗಂಗಾವಳಿಯಾಗಿ ಅಂಕೋಲೆಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಮಗ್ಗುಲಿನ ಮಳೆ ಎರೆಭೂಮಿಯ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀರಿನ ಮಟ್ಟಿಗೆ ಗಡಿ ಎಂದರೆ ಇಂಥ ದಿಬ್ಬ. ಒಮ್ಮೆ ಇದರ ಆಚೆ ಈಚೆಯಾದ ಹನಿಗಳು ಮತ್ತೆ ಕೂಡುವುದು ಕಡಲಲ್ಲೇ. ಹೊಳೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಎರಡೂ ದಂಡೆಯ ಹಳ್ಳಗಳು ಬಂದು ಕೂಡುವ ತಗ್ಗು ಅದು. ಬಲದಂಡೆಯ ಹೊಲಕ್ಕೆ ಹಾಕಿದ ಗೊಬ್ಬರದ ಸತ್ವ ಎಡದಂಡೆಯ ಊರಿನ ಕುಡಿಯುವ ನೀರಿಗೂ ಬರಬಲ್ಲದು.

ಆದರೂ ಅರಸರು ಗಡಿಗೆ ಹೊಳೆಯನ್ನೇ ಆರಿಸಿಕೊಂಡರು. ಅಳತೆಗಾರ ಬೇಕಿಲ್ಲ, ಎಲ್ಲರ ಕಣ್ಣಿಗೂ ಕಾಣುತ್ತದೆ, ಮಳೆಗಾಲದಲ್ಲಿ ದಂಡನ್ನು ತಡೆಯುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗಾಗಿ ವಿಜಯನಗರ ಮತ್ತು ಬಹಮನಿಗಳು ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಅದೇ ಕಾಲದಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಹದಿನೈದಿಪ್ಪತ್ತು ಜನರನ್ನು ಹೊತ್ತು ಆನೆಗೊಂದಿಯ ಕಡೆಗೆ ಹೊಳೆ ದಾಟುತ್ತಿದ್ದ ಬುಟ್ಟಿಯಾಕಾರದ, ತೊಗಲು ಹೊದಿಸಿದ ಹರಿಗೋಲುಗಳನ್ನು ಬಣ್ಣಿಸಿದ್ದಾನೆ. ಮುಂದೆ ರಾಯಚೂರು ನಿಜಾಮನ ಪಾಲಾಯಿತು, ಬಳ್ಳಾರಿ ಮದ್ರಾಸಿನ ಪಾಲಾಯಿತು. ನಡುವೆ ಹರಿದದ್ದು ತುಂಗಭದ್ರೆ, ಎರಡೂ ಕಡೆ ಜನ ಆಡಿದ್ದು ಕನ್ನಡ.

ಒಂದು ವಿಷಯದಲ್ಲಿ ಮಾತ್ರ ತುಂಗಭದ್ರೆ ಗಡಿಯಾಗಲು ತಕ್ಕ ಹೊಳೆ. ಮೆಕ್ಕಲು ಮಣ್ಣಿನಲ್ಲಿ ಹರಿಯುವ ನದಿ ಒಂದೆಡೆ ನಿಲ್ಲುವುದಿಲ್ಲ. ತಿರುವಿನ ಹೊರಬದಿಯಲ್ಲಿ ನೀರಿನ ಓಟ ಜೋರು, ಅಲ್ಲಿ ದಂಡೆ ಕೊರೆದುಹೋಗುತ್ತದೆ. ಒಳಬದಿಯಲ್ಲಿ ಓಟ ಕಡಿಮೆ, ಅಲ್ಲಿ ಮರಳು ಕೂಡುತ್ತದೆ. ಹೀಗೆ ಪಾತ್ರವೇ ಸರಿಯುತ್ತ ಹೋಗುತ್ತದೆ. ಅಮೆರಿಕ ಮತ್ತು ಮೆಕ್ಸಿಕೊ 1848ರಲ್ಲಿ ರಿಯೊ ಗ್ರಾಂಡೆಯನ್ನು ಗಡಿ ಎಂದು ಒಪ್ಪಿದವು. 1864ರ ಮಹಾಪೂರದ ಹೊತ್ತಿಗೆ ಎಲ್ ಪಾಸೊ ಬಳಿ ನದಿ ದಕ್ಷಿಣಕ್ಕೆ ಸರಿದು, ಮೆಕ್ಸಿಕೊದ ಚಾಮಿಸಾಲ್ ಎಂಬ ಭೂಭಾಗ ಅಮೆರಿಕದ ಕಡೆಗೆ ಬಿತ್ತು. ಆ ತಂಟೆ ಬಗೆಹರಿಯಲು 1963 ಬರಬೇಕಾಯಿತು. ಆಮೇಲೆ ಅಲ್ಲಿ ನದಿಯನ್ನು ಕಾಂಕ್ರೀಟ್ ಕಾಲುವೆಯಲ್ಲಿ ಕಟ್ಟಿಹಾಕಿದರು. ನಮ್ಮ ಹೊಳೆಯ ತಳ ಗಟ್ಟಿ ಕಲ್ಲು. ಹಂಪಿಯ ಬಳಿ ಅದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಬಿರುಕುಗಳನ್ನೇ ಹಿಡಿದು ತಟ್ಟನೆ ತಿರುಗುತ್ತ ಹರಿಯುತ್ತದೆ. ಬೇಸಿಗೆಯಲ್ಲಿ ಮಂತ್ರಾಲಯದ ಸ್ನಾನಘಟ್ಟದಲ್ಲೂ ಪಾತ್ರದ ಬಂಡೆಗಳು ಎದ್ದು ಕಾಣುತ್ತವೆ. ಇಂಥ ಕಲ್ಲನ್ನು ಕೊರೆದು ಮಗ್ಗುಲು ಬದಲಿಸುವುದು ಒಂದೆರಡು ಮಹಾಪೂರದಿಂದ ಆಗುವ ಕೆಲಸವಲ್ಲ.

ಹಾಗಾಗಿ ಇಲ್ಲಿ ಜಗಳ ಗೆರೆಗಾಗಿ ಹುಟ್ಟಲಿಲ್ಲ, ನೀರಿಗಾಗಿ ಹುಟ್ಟಿತು. 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಎರಡೂ ಸರ್ಕಾರಗಳು ಸೇರಿ ಹೊಸಪೇಟೆ ಬಳಿ ಅಣೆಕಟ್ಟು ಕಟ್ಟತೊಡಗಿದವು. 1953ರಲ್ಲಿ ಅದರ ಆಡಳಿತಕ್ಕೆ ತುಂಗಭದ್ರಾ ಮಂಡಳಿ ಬಂತು. ಗಡಿಯ ಹೊಳೆಗೆ ಅರ್ಧ ಅಣೆಕಟ್ಟು ಕಟ್ಟಲು ಬರುವುದಿಲ್ಲವಲ್ಲ! ಆದರೆ ಓಡುವ ನೀರು ಜಲಾಶಯದ ನಿಂತ ನೀರಿಗೆ ಬಂದೊಡನೆ ವೇಗ ಕಳೆದುಕೊಂಡು, ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸುತ್ತದೆ. ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105ರ ಆಸುಪಾಸಿಗೆ ಇಳಿದಿದೆ. ಒಪ್ಪಂದದಲ್ಲಿ ಹಂಚಿಕೊಂಡದ್ದು ನೀರನ್ನು. ಈ ನಷ್ಟ ಮಾತ್ರ ತಾನಾಗಿಯೇ ಎಲ್ಲರಿಗೂ ಹಂಚಿಹೋಗಿದೆ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಇದು ಇನ್ನಷ್ಟು ನಿಚ್ಚಳವಾಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲೆಂದು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಮುಂದಿನ ಬೆಳೆಗೆಂದು ಕೂಡಿಟ್ಟ ನೀರು ಕಣ್ಣೆದುರೇ ಹರಿದುಹೋಗುತ್ತಿರಲು, ಎರಡೂ ದಂಡೆಯ ರೈತರು ಒಂದೇ ಆತಂಕದಲ್ಲಿ ಕಾದರು. ವಾರದೊಳಗೆ, ಹರಿಯುವ ನೀರಿನಲ್ಲೇ, ಉಕ್ಕಿನ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಕಂಡಿ ಮುಚ್ಚಿದ ಎಂಜಿನಿಯರುಗಳ, ಕಾರ್ಮಿಕರ ಕೆಲಸವನ್ನು ನಾವು ಇನ್ನೂ ಸಾಕಷ್ಟು ಕೊಂಡಾಡಿಲ್ಲ ಎಂದೇ ನನಗನಿಸುತ್ತದೆ.

ಹೂಳಿನಿಂದಾದ ಕೊರತೆ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವನ್ನು ಕರ್ನಾಟಕ ಮುಂದಿಟ್ಟಿದೆ. ಜಾಗ ಇರುವುದು ನಮ್ಮ ರಾಜ್ಯದೊಳಗೇ ಆದರೂ, ಹೊಳೆಯ ನೀರಲ್ಲಿ ಪಾಲಿರುವ ಆಂಧ್ರ, ತೆಲಂಗಾಣಗಳ ಒಪ್ಪಿಗೆಯೂ ಅದಕ್ಕೆ ಬೇಕು.